ಅಡುಗೆಮನೆಯ ಪ್ರತಿನಿಧಿ

ನಮ್ಮ ಮನೆಯಲ್ಲಿ ಎಲ್ಲರೂ ತಾತನಿಗೆ ಹೆದರುತ್ತಿದ್ದರು. ಹೆದರುತ್ತಿದ್ದರು ಎಂದರೆ ಗೌರವ ಕೊಡುತ್ತಿದ್ದರು ಎಂದು ಯಾರೂ ಮೆತ್ತಗೆ ಅರ್ಥ ಮಾಡಿಕೊಳ್ಳಬೇಡಿ. ಹೆದರಿಕೆ ಅಂದರೆ ಹೆದರಿಕೆಯೇ. ಜಗಲಿಯ ಮೇಲೆ ಅವರ ಕೋಲಿನ ಸದ್ದಾದರೆ ನಡುಮನೆಯಲ್ಲಿ ಮಾತು ನಿಲ್ಲುತ್ತಿತ್ತು. ಅವರು ಒಂದು ಸಲ ಕೆಮ್ಮಿದರೆ ಒಲೆಯ ಮುಂದೆ ಹಿಟ್ಟು ತೊಳಸುತ್ತಿದ್ದ ಅವ್ವನ ಕೈ ನಿಲ್ಲುತ್ತಿತ್ತು. ಮೀಸೆ ಬಂದ ಇಬ್ಬರು ಗಂಡುಮಕ್ಕಳು, ನಮ್ಮಪ್ಪ ಮತ್ತು ಚಿಕ್ಕಪ್ಪ, ಅವರೆದುರು ಉಣ್ಣಲು ಕೂತರೆ ಸಾರು ಬೇಕಾದಾಗ ಬಾಯಿಬಿಟ್ಟು ಕೇಳದೆ ಸುಮ್ಮನೆ ತಟ್ಟೆಯನ್ನು ನೋಡುತ್ತಿದ್ದರು. ನೋಡಿದ್ದನ್ನು ಅರಿತು ಬಡಿಸುವುದು ಹೆಂಗಸರ ಕೆಲಸ. ತಾತನ ಕಣ್ಣಿಗೆ ಪೊರೆ ಬಂದು ಆಗಲೇ ಐದಾರು ವರ್ಷವಾಗಿತ್ತು, ಎದುರಿಗಿದ್ದವರು ಬರೀ ನೆರಳಾಗಿ ಕಾಣುತ್ತಿದ್ದರು. ಕಣ್ಣು ಕಾಣದವರಿಗೆ ಯಾಕೆ ಅಷ್ಟು ಹೆದರಬೇಕಿತ್ತು ಎಂದು ಈಗ ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ಫ್ಯಾನಿನ ಕೆಳಗೆ ಕೂತು ಕೇಳುವುದು ಸುಲಭ. ಒಂಬತ್ತು ವರ್ಷದ ಹುಡುಗಿಯಾಗಿ ಹೆಮ್ಮಿಗೆಯ ಆ ತೊಟ್ಟಿಮನೆಯಲ್ಲಿ ಒಂದು ದಿನ ಇದ್ದು ನೋಡಬೇಕಿತ್ತು.

ಊರಿನವರು ತಾತನನ್ನು ಮೆಂಬರ್ ಗೌಡರು ಎನ್ನುತ್ತಿದ್ದರು. ಮಹಾರಾಜರ ಕಾಲದಲ್ಲಿ ಅವರು ಮೈಸೂರಿನ ಪ್ರಜಾಪ್ರತಿನಿಧಿ ಸಭೆಯ ಸದಸ್ಯರಾಗಿದ್ದರು. ನಾನು ಹುಟ್ಟುವ ಹೊತ್ತಿಗೆ ಅದೆಲ್ಲ ಮುಗಿದ ಕಥೆ, ಆಮೇಲೆ ಆ ಸಭೆಯೂ ಇಲ್ಲವಾಗಿತ್ತು. ಆದರೆ ಊರಿಗೆ ಅವರು ಸಾಯುವವರೆಗೂ ಮೆಂಬರೇ. ವರ್ಷ ವರ್ಷ ದಸರೆಗೆ ಜರಿಪೇಟ ಸುತ್ತಿ, ಉದ್ದನೆಯ ಕರಿ ಕೋಟು ತೊಟ್ಟು, ಗಾಡಿ ಕಟ್ಟಿಸಿಕೊಂಡು ಮೈಸೂರಿಗೆ ಹೋಗುತ್ತಿದ್ದರಂತೆ. ದಿವಾನರ ಮುಂದೆ ಎದ್ದು ನಿಂತು ಊರಿನ ಅಹವಾಲು ಹೇಳುತ್ತಿದ್ದರಂತೆ. ದನದ ದೊಡ್ಡಿಯ ಕಲ್ಲುಗೋಡೆ ಅವರು ಕೇಳಿ ತಂದದ್ದು. ಕೆರೆಯ ತೂಬು ಅವರದು. ಚಾವಡಿ ಮುಂದಿನ ಬಾವಿ ಅವರದು. ನರಸೀಪುರದ ರಸ್ತೆಯಲ್ಲಿ ಹಳ್ಳಕ್ಕೆ ಹಾಕಿದ ಮೋರಿಯೂ ಅವರದೇ. ದನ ಹೊಡೆದುಕೊಂಡು ಹೋಗುವವರು ದೊಡ್ಡಿಯ ಗೋಡೆ ತಟ್ಟಿ, "ಮೆಂಬರ್ ಗೌಡ್ರು ದಿವಾನ್ರನ್ನ ಗದರಿಸಿ ತಂದಿದ್ದು ಕಣ್ಲಾ ಇದು" ಎಂದು ಹೇಳುವುದನ್ನು ನಾನೇ ಕೇಳಿದ್ದೇನೆ. ದಿವಾನರನ್ನೇ ಗದರಿಸಿದ ಮನುಷ್ಯನ ಮುಂದೆ ನಮ್ಮದೇನು ಲೆಕ್ಕ!

ಮೆಂಬರ್‌ಗಿರಿ ಹೋದಮೇಲೂ ತಾತ ಸಭೆ ನಡೆಸುವುದನ್ನು ಬಿಡಲಿಲ್ಲ, ಮನೆಯಲ್ಲೇ ನಡೆಸಿದರು. ವಿಜಯದಶಮಿಯ ದಿನ ಹಬ್ಬದ ಊಟ ಮುಗಿದು ಎಲೆ ಅಡಿಕೆ ಹಾಕಿಕೊಳ್ಳುವ ಹೊತ್ತಿಗೆ ನಡುಮನೆಯಲ್ಲಿ ಚಾಪೆ ಹಾಸಬೇಕು. ತಾತ ಕಂಬಕ್ಕೆ ಒರಗಿ ಮಣೆಯ ಮೇಲೆ ಕೂರುತ್ತಿದ್ದರು. ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆಯುತ್ತಿದ್ದರು. ಕರೆದವರು ಎದ್ದು ನಿಂತು, ಕೈ ಕಟ್ಟಿ, "ಮಹಾಸ್ವಾಮಿ" ಎಂದು ಶುರುಮಾಡಿ, ಒಂದೇ ಒಂದು ಬೇಡಿಕೆಯನ್ನು ತಡವರಿಸದೆ ಹೇಳಬೇಕು. ಒಬ್ಬರಿಗೆ ಒಂದು. ಎರಡನೆಯದು ಬಾಯಿಂದ ಬಂದರೆ ಮೊದಲನೆಯದೂ ಇಲ್ಲ. ತಾತ ಒಪ್ಪಿದರೆ "ಆಗಲಿ" ಎನ್ನುತ್ತಿದ್ದರು, ಒಪ್ಪದಿದ್ದರೆ ಕೋಲಿನಿಂದ ನೆಲಕ್ಕೆ ಒಂದು ಕುಟ್ಟು. ವರ್ಷದ ನಡುವೆ ಯಾರೂ ಏನೂ ಕೇಳುವಂತಿಲ್ಲ. ನಗಬೇಡಿ, ನಮ್ಮ ಮನೆಯಲ್ಲಿ ಒಂದು ಜೊತೆ ಎತ್ತು ಬಂದದ್ದೂ, ನಮ್ಮಪ್ಪನಿಗೆ ಗಡಿಯಾರ ಬಂದದ್ದೂ ಹೀಗೆಯೇ. ಹೆಂಗಸರು ಮಾತ್ರ ಆ ಸಭೆಗೆ ಬರುವಂತಿರಲಿಲ್ಲ. ಅವರೆಲ್ಲರ ಪರವಾಗಿ ಮಕ್ಕಳಲ್ಲಿ ಒಬ್ಬರು ಎದ್ದು ಒಂದು ಬೇಡಿಕೆ ಇಡಬೇಕು. ಆ ಮಗುವಿಗೆ ಅಡುಗೆಮನೆಯ ಪ್ರತಿನಿಧಿ ಎಂದು ಹೆಸರು. ಅಲ್ಲಿಯವರೆಗೆ ಆ ಕೆಲಸ ನನ್ನ ಅಣ್ಣನದಾಗಿತ್ತು. ಅವನು ದೊಡ್ಡವನಾಗಿ ಗಂಡಸರ ಸಾಲಿಗೆ ಹೋದ ವರ್ಷ ಅದು ನನ್ನ ತಲೆಗೆ ಬಂತು. ದಿನಾ ಮಧ್ಯಾಹ್ನ ತಾತನಿಗೆ ಪೇಪರು ಓದಿ ಹೇಳುತ್ತಿದ್ದವಳು ನಾನೇ, ನಾಲಿಗೆ ಚೆನ್ನಾಗಿ ಹೊರಳುತ್ತದೆ ಎಂದು ಅವರೇ ಆರಿಸಿದರು. ಪೇಪರು ಓದುವುದಕ್ಕೂ ಸ್ವಂತ ಬಾಯಿಂದ ಮಾತಾಡುವುದಕ್ಕೂ ಇರುವ ದೂರ ಅವರಿಗೆ ಗೊತ್ತಿಲ್ಲ ಎಂದು ನಾನು ಆಗ ಅಂದುಕೊಂಡಿದ್ದೆ.

ಆ ವರ್ಷ ಚಿಕ್ಕವ್ವ ಬಸುರಿ. ಚಿಕ್ಕಪ್ಪನ ಹೆಂಡತಿ, ನಂಜನಗೂಡಿನ ಕಡೆಯವಳು, ಹೆಸರು ನಂಜಮ್ಮ. ಹಾಲು ಕರೆಯುವಾಗ ಹಸುವಿನ ಜೊತೆ ಮಾತಾಡುತ್ತಿದ್ದ, ನನ್ನ ತಲೆ ಬಾಚುವಾಗ ಎಳೆಯದೆ ಸಿಕ್ಕು ಬಿಡಿಸುತ್ತಿದ್ದ, ನಮ್ಮ ಮನೆಯಲ್ಲಿ ನನಗೆ ಹೆದರಿಕೆಯೇ ಆಗದ ಒಂದೇ ಒಂದು ಜೀವ. ಅವಳಿಗೆ ಅದು ಮೂರನೆಯ ಬಸುರು. ಮೊದಲನೆಯದು ತವರಿನಲ್ಲಿ ಹುಟ್ಟಿ ಉಸಿರಾಡಲಿಲ್ಲ. ಆಮೇಲೆ ಅವಳ ತಾಯಿ ತೀರಿಕೊಂಡದ್ದರಿಂದ ಎರಡನೆಯದು ನಮ್ಮ ಮನೆಯ ಕತ್ತಲೆ ಕೋಣೆಯಲ್ಲೇ ಆಯಿತು. ಎರಡು ಹಗಲು ಅವಳು ಕೂಗಿದ್ದನ್ನು ಕೇಳಿದ್ದೇನೆ. ಮಗು ಅಡ್ಡ ತಿರುಗಿತ್ತಂತೆ. ಮಗುವನ್ನು ಬಟ್ಟೆಯಲ್ಲಿ ಸುತ್ತಿ ಹಿತ್ತಲ ಬಾಗಿಲಿನಿಂದ ತೆಗೆದುಕೊಂಡು ಹೋದರು. ಚಿಕ್ಕವ್ವ ಮೂರು ತಿಂಗಳು ನೆಟ್ಟಗೆ ನಡೆಯಲಿಲ್ಲ. ಊರಿನ ಸೂಲಗಿತ್ತಿ ದೇವೀರಜ್ಜಿ ಅವತ್ತೇ ಕೈ ಮುಗಿದು, "ಇನ್ನೊಂದ್ಸಲ ಇಂಗಾದ್ರೆ ನನ್ ಕೈಲಾಗಕಿಲ್ಲ ಕಣವ್ವೋ, ಎರಡು ಜೀವ್ವೂ ಉಳಿಯಕಿಲ್ಲ, ದೊಡ್ಡಾಸ್ಪತ್ರೆಗೆ ಓಗಿ" ಎಂದು ಹೇಳಿಹೋಗಿದ್ದಳು. ಆ ಮಾತು ಜಗಲಿಗೆ ಮುಟ್ಟಿದಾಗ ತಾತ, ಈ ಮನೆಯ ಸೊಸೆ ಆಸ್ಪತ್ರೆ ಮೆಟ್ಟಿಲು ಹತ್ತಕೂಡದು ಎಂದು ಕೋಲು ಕುಟ್ಟಿದ್ದರು. ಚಿಕ್ಕಪ್ಪ ಬಾಯಿ ಬಿಡಲಿಲ್ಲ. ಹೆಂಡತಿಯ ಬಸುರಿನ ಮಾತನ್ನು ಗಂಡಸು ತನ್ನ ಅಪ್ಪನ ಮುಂದೆ ಎತ್ತುವುದು ನಾಚಿಕೆಗೇಡು ಎಂದು ಆ ಮಹಾನುಭಾವ ತಿಳಿದಿದ್ದ.

ದಸರೆ ಹತ್ತಿರ ಬಂದಾಗ ಚಿಕ್ಕವ್ವನಿಗೆ ಎಂಟು ತುಂಬುವುದರಲ್ಲಿತ್ತು. ಅಡುಗೆಮನೆಯಲ್ಲಿ ಜಗಳ ಶುರುವಾಯಿತು. ಬಚ್ಚಲಿನ ತಾಮ್ರದ ಹಂಡೆ ತೂತಾಗಿ, ನೀರು ಸೋರಿ ಒಲೆ ಆರಿ, ಮನೆತುಂಬ ಹೊಗೆಯಾಗುತ್ತಿತ್ತು. ಹೊಸ ಹಂಡೆ ಕೇಳಬೇಕು ಎಂದು ಅಜ್ಜಿ ಎರಡು ವರ್ಷದಿಂದ ಕಾದಿದ್ದಳು. ಅವ್ವ ಅವರೆಕಾಯಿ ಸುಲಿಯುತ್ತಿದ್ದವಳು ತಟ್ಟೆಯನ್ನೇ ನೆಲಕ್ಕೆ ಎಸೆದಳು.

"ಅಂಡೆ ಅಂತೆ ಅಂಡೆ! ಈ ಎಣ್ಣು ಸತ್ರೆ ಆ ಅಂಡೇಲಿ ಏನ್ ಕಾಯಿಸ್ತೀರಿ ಅತ್ತೆ? ಎಣಕ್ಕೆ ನೀರು ಕಾಯಿಸ್ತೀರಾ?"

ಅತ್ತೆಯ ಮುಂದೆ ಅವ್ವ ಅಂಥ ಮಾತು ಆಡಿದ್ದು ಅದೇ ಮೊದಲು. ಅಜ್ಜಿ ಸಿಟ್ಟಾಗುತ್ತಾಳೆ ಎಂದು ನಾನು ಬಾಗಿಲ ಹಿಂದೆ ಸರಿದೆ. ಅಜ್ಜಿ ಚೆಲ್ಲಿದ ಕಾಳುಗಳನ್ನು ಒಂದೊಂದೇ ಆರಿಸಿ ಮಡಿಲಿಗೆ ಹಾಕಿಕೊಂಡಳು. ಆಮೇಲೆ ನನ್ನನ್ನು ಕರೆದಳು.

"ಬಾರೆ ಜಯಿ ಇಲ್ಲಿ. ಆಸ್ಪತ್ರೆನೇ ಕೇಳು. ತಪ್ಪುಗಿಪ್ಪು ಮಾಡ್ಬುಟ್ಟೀಯೆ ಮತ್ತೆ."

ಅವ್ವ ನನಗೆ ಪಾಠ ಹೇಳಿಕೊಟ್ಟಳು. ಮಹಾಸ್ವಾಮಿ, ಚಿಕ್ಕವ್ವನ ಹೆರಿಗೆಗೆ ಮೈಸೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಬೇಕೆಂದು ಅಡುಗೆಮನೆಯವರ ಬಿನ್ನಹ. ಇಷ್ಟೇ. ನಾನು ಅದನ್ನು ನೀರು ಸೇದುವಾಗ ಹೇಳಿಕೊಂಡೆ, ಕೊಟ್ಟಿಗೆಯಲ್ಲಿ ಎಮ್ಮೆಗೆ ಕೈಮುಗಿದು ಹೇಳಿದೆ, ನಿದ್ದೆಯಲ್ಲೂ ಹೇಳಿದೆನಂತೆ. ಹೇಳಿ ಹೇಳಿ ಹೆದರಿಕೆ ಕಡಿಮೆಯಾಗುತ್ತದೆ ಎನ್ನುವವರು ಸುಳ್ಳು ಹೇಳುತ್ತಾರೆ. ಹಬ್ಬದ ದಿನ ಒಬ್ಬಟ್ಟು ಒಂದು ಚೂರೂ ಒಳಗೆ ಇಳಿಯಲಿಲ್ಲ.

ಊಟವಾಯಿತು, ಚಾಪೆ ಹಾಸಿದರು. ಅಪ್ಪ ಎದ್ದು ಹೊಸ ನೇಗಿಲು ಕೇಳಿದ, ಆಗಲಿ ಎಂದರು. ಚಿಕ್ಕಪ್ಪ ಎದ್ದ. ಅವನಾದರೂ ಹೇಳುತ್ತಾನೇನೋ ಎಂದು ನಾನು ದೇವರಿಗೆ ಹರಕೆ ಹೊತ್ತೆ. ಅವನು ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕೇಳಿ ಕೂತ. ಅಡುಗೆಮನೆಯ ಬಾಗಿಲ ಸಂದಿಯಲ್ಲಿ ಮೂರು ಜನ ಹೆಂಗಸರ ಸೀರೆ ಕಾಣುತ್ತಿತ್ತು.

"ಅಡುಗೆಮನೆ ಪ್ರತಿನಿಧಿ ಏಳಲಿ."

ಎದ್ದೆ. ತಾತ ಮುಖ ಎತ್ತಿ ನನ್ನ ಕಡೆ ತಿರುಗಿಸಿದರು. ಬಿಳಿ ಪೊರೆ ಕಟ್ಟಿದ ಆ ಎರಡು ಕಣ್ಣು ನನ್ನ ಮೇಲೆ ನಿಂತವು. ಅಷ್ಟು ಸಾಕಾಯಿತು. ಲಂಗ ಒದ್ದೆಯಾಗುತ್ತದೇನೋ ಅನ್ನಿಸಿತು. ಮಹಾಸ್ವಾಮಿ ಎಂದೆ. ಚಿಕ್ಕವ್ವನ ಎನ್ನಬೇಕು, ಚಿ ಎಂಬ ಅಕ್ಷರಕ್ಕೆ ನಾಲಿಗೆ ಸಿಕ್ಕಿಕೊಂಡಿತು. ಕೋಲು ಒಂದು ಚೂರು ಅಲುಗಿತು. ಅದು ನೆಲಕ್ಕೆ ಬಡಿಯುವ ಮೊದಲು ಏನಾದರೊಂದು ಹೇಳಿ ಕೂತುಬಿಡಬೇಕು ಎಂಬುದೊಂದೇ ಆಗ ನನ್ನ ತಲೆಯಲ್ಲಿದ್ದದ್ದು.

"ಬಚ್ಚಲಿಗೆ ಹೊಸ ಹಂಡೆ ಬೇಕೆಂದು ಅಡುಗೆಮನೆಯವರ ಬಿನ್ನಹ" ಎಂದೆ.

"ಆಗಲಿ" ಎಂದರು ತಾತ.

ಬಾಗಿಲ ಸಂದಿಯಲ್ಲಿ ಅವ್ವ ಹಣೆ ಚಚ್ಚಿಕೊಂಡ ಸದ್ದು ಕೇಳಿಸಿತು. ಒಳಗೆ ಹೋಗಲು ಹೆದರಿ ಸಂಜೆಯವರೆಗೂ ಹುಲ್ಲಿನ ಮೆದೆಯ ಹಿಂದೆ ಕೂತಿದ್ದೆ. ಹುಡುಕಿಕೊಂಡು ಬಂದವಳು ಚಿಕ್ಕವ್ವನೇ. ಹೊಟ್ಟೆಯ ಭಾರಕ್ಕೆ ಬಗ್ಗಲಾಗದೆ ನಿಂತುಕೊಂಡೇ ನನ್ನ ತಲೆಗೂದಲಿನಿಂದ ಹುಲ್ಲು ತೆಗೆದಳು.

"ಓಗ್ಲಿ ಬುಡು ಮೊಗ. ನಿಂಗಾರ ಏನ್ ಗೊತ್ತಾದದು," ಎಂದಳು. "ಬಾ, ಒಬ್ಬಟ್ಟು ಮಡಗಿವ್ನಿ."

ಹೊಡೆದಿದ್ದರೆ ಚೆನ್ನಾಗಿತ್ತು. ಇವತ್ತಿಗೂ ಒಬ್ಬಟ್ಟು ತಿನ್ನುವಾಗ ಮೊದಲ ತುತ್ತನ್ನು ಮುರಿದು ತಟ್ಟೆಯ ಅಂಚಿಗೆ ಇಡುತ್ತೇನೆ, ಮೊಮ್ಮಕ್ಕಳು ಸಕ್ಕರೆ ಕಾಯಿಲೆಗೆ ಹೆದರುತ್ತಾಳೆ ಎಂದು ನಗುತ್ತಾರೆ. ಮೂರನೆಯ ದಿನ ನರಸೀಪುರದ ಸಂತೆಯಿಂದ ಹಂಡೆ ಬಂತು. ಫಳಫಳ ಹೊಳೆಯುವ ಹಂಡೆ. ಅಜ್ಜಿ ಅದನ್ನು ಮುಟ್ಟಲಿಲ್ಲ. ಅದಕ್ಕೆ ಮೊದಲು ನೀರು ತುಂಬಿದವಳು ಚಿಕ್ಕವ್ವ, ಎರಡೆರಡು ಕೊಡಕ್ಕೊಮ್ಮೆ ಸೊಂಟ ಹಿಡಿದು ನಿಂತು ಉಸಿರು ತೆಗೆದುಕೊಂಡು. ನಾನು ಆ ಹಂಡೆಯ ನೀರಿನಲ್ಲಿ ಸ್ನಾನ ಮಾಡಲು ಹೋದಾಗಲೆಲ್ಲ ಕಳೆದ ಸಲ ಅವಳು ಕೂಗಿದ ಕೂಗು ಕಿವಿಗೆ ಬರುತ್ತಿತ್ತು. ಈ ಸಲ ಅವಳು ಸತ್ತರೆ ಕೊಂದವಳು ನಾನು. ಇದನ್ನು ಯಾರಿಗೆ ಹೇಳಲಿ? ಕತ್ತಲೆ ಕೋಣೆಯನ್ನು ಸಾರಿಸಿ, ಮೂಲೆಯಲ್ಲಿ ಹಳೆಯ ಸೀರೆಯ ತುಂಡುಗಳನ್ನು ಮಡಿಸಿಟ್ಟಿದ್ದರು. ಆ ಕೋಣೆಯ ಮುಂದೆ ನಡೆಯಲಾರದೆ ನಾನು ತೊಟ್ಟಿಯನ್ನು ಸುತ್ತಿಕೊಂಡು ಹೋಗುತ್ತಿದ್ದೆ. ಹೀಗೆ ಒಂಬತ್ತು ದಿನ ಕಳೆಯಿತು.

ಹತ್ತನೆಯ ದಿನ ಚಿಕ್ಕವ್ವನ ಕಾಲು ಊದಿಕೊಂಡು ಕಾಲುಂಗುರ ಒಳಗೆ ಹೂತುಹೋಗಿತ್ತು. ಮಧ್ಯಾಹ್ನ ತಾತ ಕರೆದರು. ಮಂಚದ ಪಕ್ಕ ಕೂತು ಎಂದಿನಂತೆ ಪೇಪರು ಬಿಡಿಸಿದೆ. ಎರಡು ದಿನದ ಹಿಂದಿನ ಪೇಪರು, ಟಪಾಲಿನಲ್ಲಿ ಬರುತ್ತಿದ್ದದ್ದು. ಮಂತ್ರಿಗಳ ಭಾಷಣ ಓದಿದೆ, ಮಳೆಯ ಸುದ್ದಿ ಓದಿದೆ. ಪುಟ ತಿರುಗಿಸಿದೆ. ಆಮೇಲೆ ನಾನು ಮಾಡಿದ್ದನ್ನು ಯೋಚಿಸಿ ಮಾಡಿದೆ ಎಂದು ಹೇಳಲಾರೆ. ನನಗೆ ಮಾತಾಡಲು ಬರುತ್ತಿರಲಿಲ್ಲ, ಓದಲು ಬರುತ್ತಿತ್ತು, ಅಷ್ಟೇ. ಪೇಪರನ್ನು ಮುಖಕ್ಕೆ ಅಡ್ಡ ಹಿಡಿದು ಅದೇ ರಾಗದಲ್ಲಿ ಓದಿದೆ.

"ತಿರುಮಕೂಡಲು ನರಸೀಪುರ. ತಾಲ್ಲೂಕಿನ ಹೆಮ್ಮಿಗೆ ಗ್ರಾಮದಲ್ಲಿ ಪ್ರಜಾಪ್ರತಿನಿಧಿ ಸಭೆಯ ಮಾಜಿ ಸದಸ್ಯರ ಸೊಸೆ ನಂಜಮ್ಮ ಎಂಬುವರು ಆಸ್ಪತ್ರೆಗೆ ಹೋಗದೆ ಹೆರಿಗೆಯ ಕಾಲದಲ್ಲಿ..."

ಅಲ್ಲಿಗೆ ನಿಂತಿತು. ಮುಂದಿನ ಪದ ನನ್ನ ಬಾಯಿಂದ ಹೊರಡಲಿಲ್ಲ. ತಾತ ಕಿವಿಯನ್ನು ನನ್ನ ಕಡೆ ತಿರುಗಿಸಿದರು.

"ಮುಂದಕ್ಕೆ?"

"ಮುಂದಕ್ಕಿಲ್ಲ ತಾತ."

"ಯಾಕಿಲ್ಲ?"

"ಇನ್ನೂ ಅಚ್ಚಾಗಿಲ್ಲ" ಎಂದೆ.

ಕೋಲಿಗೆ ಕೈ ಹೋಯಿತು. ಇವತ್ತು ಬೆನ್ನು ಮುರಿಯಿತು ಎಂದು ಕಣ್ಣು ಮುಚ್ಚಿಕೊಂಡೆ. ಏಟು ಬೀಳಲಿಲ್ಲ. ಕಣ್ಣು ಬಿಟ್ಟಾಗ ತಾತ ಕೋಲನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಅದನ್ನು ಈ ತುದಿಯಿಂದ ಆ ತುದಿಗೆ ಸವರುತ್ತಿದ್ದರು.

"ನಿಮ್ಮಜ್ಜಿಗಿಂತ ಮುಂಚೆ ನಂಗೆ ಒಬ್ಳು ಇದ್ಲು," ಎಂದರು. "ಗೊತ್ತಾ ನಿಂಗೆ? ಯಾರೂ ಯೋಳಿರಕಿಲ್ಲ. ಎರಿಗೇಲಿ ತೀರ್ಕಂಡ್ಲು. ಅದೇ ಕ್ವಾಣೇಲಿ. ಆ ವರ್ಸನೇ ನನ್ನ ಮೆಂಬರ್ ಮಾಡಿದ್ರು. ಊರಿನ್ ಎಣ್ಮಕ್ಳೆಲ್ಲ ಬಂದು ಬಾಗ್ಲಲ್ಲಿ ನಿಂತ್ಕಂಡ್ರು, ಗೌಡ್ರೆ, ನಮ್ ಓಬಳಿಗೊಬ್ಳು ಕಲ್ತ ಸೂಲಗಿತ್ತೀನ ಸರ್ಕಾರದಿಂದ ಕೇಳ್ಕಬನ್ನಿ ಅಂತ. ಬರಸ್ಕಂಡೆ. ಬಾಯಿಪಾಠ ಮಾಡ್ದೆ, ನೀನ್ ಮಾಡ್ದಂಗೆ. ಮೈಸೂರ್ಗೆ ಓದೆ. ನಮ್ ತಾಲ್ಲೂಕು ಕೂಗಿದ್ರು. ಎದ್ದು ನಿಂತ್ಕಂಡೆ. ಎದುರ್ಗೆ ದಿವಾನ್ರು, ಸುತ್ತ ಜರಿಪೇಟ, ಇಂಗ್ಲೀಸ್ ಓದಿರೋ ವಕೀಲ್ರು. ಅವ್ರ ಮುಂದೆ ಎಂಗಸ್ರು ಎರಿಗೆ ಮಾತ ಎಂಗ್ ಎತ್ತದು? ಮೈಯೆಲ್ಲ ಬೆವತೋಯ್ತು. ದನದ ದೊಡ್ಡಿ ಗ್ವಾಡೆ ಬಿದ್ದೋಗದೆ ಮಹಾಸ್ವಾಮಿ ಅಂದ್ಬುಟ್ಟು ಕೂತ್ಕಂಡೆ."

ಹೊರಗೆ ಬಾವಿಯ ರಾಟೆ ಕಿರ್ರೆನ್ನುತ್ತಿತ್ತು. ಚಿಕ್ಕವ್ವ ನೀರು ಸೇದುತ್ತಿದ್ದಳು.

"ಮಾರ್ನೆ ವರ್ಸ ಕೇಳಾನ ಅಂತ ಓದೆ. ತೂಬು ಅಂದೆ. ಅದರ್ ಮಾರ್ನೆ ವರ್ಸ ಬಾವಿ. ಆಮೇಕೆ ಮೋರಿ. ಅಷ್ಟ್ ವರ್ಸ ಓಗಿದ್ದು ಒಂದನ್ನ ಕೇಳಕ್ಕೆ, ಕೇಳಿದ್ದೆಲ್ಲ ಬ್ಯಾರೆ. ಊರೋರು ಆರ ಆಕುದ್ರು. ನೀನು ಅವತ್ತು ಚಿ ಅಂದು ನಿಲ್ಲಿಸ್ದಲ್ಲ, ಆವಾಗ್ಲೇ ನಂಗೆ ಗೊತ್ತಾಯ್ತು ಕಣವ್ವ, ನೀನು ಎದ್ದಿದ್ದು ಅಂಡೆಗಲ್ಲ ಅಂತ. ಗೊತ್ತಾಗೂ ಆಗ್ಲಿ ಅಂದೆ."

"ಯಾಕೆ ತಾತ?"

ನನಗೆ ಎಲ್ಲಿಂದ ಧೈರ್ಯ ಬಂತೋ! ತಾತ ಕೋಲೂರಿದರು. ತಡವಿಕೊಂಡು ಎದ್ದು ಬಾಗಿಲಿಗೆ ಹೋಗಿ, ಗದ್ದೆಯವರೆಗೂ ಕೇಳುವಂತೆ ಚಿಕ್ಕಪ್ಪನನ್ನು ಕೂಗಿ, ನಾಳೆ ಒತ್ತಾರೆ ಗಾಡಿ ಕಟ್ಟಬೇಕು ಎಂದರು.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರನ್ನು ಕಾಯಿಸಿ ಹೆದರಿಸುವ ಚಟ ನನಗಿಲ್ಲ, ನಾನು ಹೆದರಿದ್ದು ಸಾಕಷ್ಟಾಯಿತು. ಚಿಕ್ಕವ್ವ ಬದುಕಿದಳು. ಹೊಟ್ಟೆ ಕುಯ್ದು ಮಗುವನ್ನು ತೆಗೆದರು, ಅದೂ ಬದುಕಿತು. ಆ ಮಗು ಈಗ ನಂಜನಗೂಡಿನಲ್ಲಿ ಮೊಮ್ಮಕ್ಕಳ ಜೊತೆ ಇದ್ದಾಳೆ, ದಿನ ಬಿಟ್ಟು ದಿನ ಫೋನ್ ಮಾಡಿ ಬಿ.ಪಿ. ಮಾತ್ರೆ ನುಂಗಿದೆಯಾ ಎಂದು ನನ್ನನ್ನು ಗದರುತ್ತಾಳೆ. ಆದರೆ ನಾನು ಹೇಳಬೇಕೆಂದು ಕೂತದ್ದು ಆ ಬೆಳಗಿನ ಮಾತು. ನರಸೀಪುರದವರೆಗೆ ಗಾಡಿಯಲ್ಲಿ ಒಣಹುಲ್ಲು ಹಾಸಿ, ಅದರ ಮೇಲೆ ಕಂಬಳಿ ಹಾಸಿ ಚಿಕ್ಕವ್ವನನ್ನು ಮಲಗಿಸಿದ್ದರು. ಗಾಡಿಯ ಚಕ್ರ ಗುಂಡಿಗೆ ಇಳಿದಾಗಲೆಲ್ಲ ಅವಳು ನನ್ನ ಕೈಯನ್ನು ಮೂಳೆ ನೋಯುವಂತೆ ಹಿಡಿಯುತ್ತಿದ್ದಳು. ಅಲ್ಲಿಂದ ಮೈಸೂರಿಗೆ ಬಸ್ಸು. ಕಣ್ಣಾಗಿ ನಾನಿರಬೇಕು ಎಂದು ತಾತ ನನ್ನನ್ನೂ ಕರೆತಂದಿದ್ದರು. ಪೆಟ್ಟಿಗೆಯಿಂದ ಆ ಹಳೆಯ ಕರಿ ಕೋಟನ್ನೂ ಜರಿಪೇಟವನ್ನೂ ತೆಗೆಸಿ ಹಾಕಿಕೊಂಡಿದ್ದರು. ಕೋಟು ಮೈಗೆ ದೊಗಳೆಯಾಗಿತ್ತು, ಬಸ್ಸಿನಲ್ಲಿದ್ದವರು ತಿರುತಿರುಗಿ ನೋಡಿದರು.

ಆಸ್ಪತ್ರೆಯ ಪಡಸಾಲೆಯಲ್ಲಿ ಉದ್ದನೆಯ ಬೆಂಚಿನ ತುಂಬ ಬಸುರಿಯರು. ಔಷಧದ ವಾಸನೆಗೆ ನನಗೆ ವಾಕರಿಕೆ ಬಂತು. ನಮ್ಮ ಸರದಿ ಬಂದಾಗ ಚಿಕ್ಕವ್ವನನ್ನು ಮೊದಲು ಒಳಗೆ ಕರೆದು ನೋಡಿ, ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂರಿಸಿದರು. ಆಮೇಲೆ ಇವರ ಕಡೆಯವರು ಯಾರು, ಬನ್ನಿ ಎಂದರು. ಚಿಕ್ಕಪ್ಪ ಗೋಡೆಗೆ ಅಂಟಿಕೊಂಡ. ತಾತ ನನ್ನ ಹೆಗಲ ಮೇಲೆ ಕೈಯಿಟ್ಟು ಮುಂದೆ ನಡೆದರು. ಹೊಸ್ತಿಲ ಹತ್ತಿರ ನಿಂತು ಪೇಟ ಸರಿಮಾಡಿಕೊಂಡರು.

"ಎದುರ್ಗೆ ಯಾರವ್ರೆ ಮೊಗ?" ಎಂದು ಪಿಸುಗುಟ್ಟಿದರು.

"ಡಾಕ್ಟರಮ್ಮ. ಚಿಕ್ಕೋರು. ಕನ್ನಡಕ ಹಾಕವ್ರೆ."

ತಾತ ಕೋಲನ್ನು ನನ್ನ ಕೈಗೆ ಕೊಟ್ಟು, ನೆಟ್ಟಗೆ ನಿಂತು ಕೈ ಕಟ್ಟಿದರು.

"ಮಹಾಸ್ವಾಮಿ," ಎಂದರು. ಸಾಲಿನಲ್ಲಿದ್ದ ಯಾರೋ ಕಿಸಕ್ಕೆಂದು ನಕ್ಕರು. "ತಿರುಮಕೂಡಲು ನರಸೀಪುರ ತಾಲ್ಲೂಕು, ಹೆಮ್ಮಿಗೆ ಗ್ರಾಮ. ನಮ್ಮ ಸೊಸೆ ನಂಜಮ್ಮನ ಹೆರಿಗೆಯನ್ನು ತಾವು ಮಾಡಿಸಿ, ಆಕೆಯ ಪ್ರಾಣ ಉಳಿಸಿಕೊಡಬೇಕೆಂದು ಬಿನ್ನಹ."

ಒಂದು ಅಕ್ಷರವೂ ತಡವರಿಸಲಿಲ್ಲ. ಡಾಕ್ಟರಮ್ಮ ನಗಲಿಲ್ಲ. ಕೆಲಸದ ಒತ್ತಡದಲ್ಲಿದ್ದವಳು, ಕಾಗದದಿಂದ ತಲೆ ಎತ್ತಿ ಸಿಟ್ಟಿನಿಂದಲೇ ಕೇಳಿದಳು.

"ಎರಡು ಮಕ್ಕಳು ಹೋಗಿವೆ. ಮೈಯೆಲ್ಲ ಊದಿದೆ. ಇಷ್ಟು ದಿನ ಯಾಕೆ ಕರ್ಕೊಂಡು ಬರಲಿಲ್ಲ ಯಜಮಾನ್ರೆ?"

ತಾತನನ್ನು ಹಾಗೆ ಗದರಿಸಿದವರನ್ನು ನಾನು ಕಂಡಿರಲಿಲ್ಲ. ಏನು ಅನಾಹುತವಾಗುತ್ತದೋ ಎಂದು ಕೋಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ತಾತ ನಿಧಾನವಾಗಿ ಜರಿಪೇಟ ತೆಗೆದರು. ಅವರ ತಲೆ ಅಷ್ಟು ಸಣ್ಣದು ಎಂದು ನನಗೆ ಗೊತ್ತಿರಲಿಲ್ಲ.

"ಎದ್ರಿಕೆ ಕಣವ್ವ," ಎಂದರು. "ಕೇಳಕ್ಕೆ ಎದ್ರಿಕೆ."

ಪೇಟವನ್ನು ಕೈಯಲ್ಲಿ ಹಿಡಿದು ಅಲ್ಲೇ ನಿಂತಿದ್ದರು. ಬೆಂಚಿನ ಮೇಲಿದ್ದ ಚಿಕ್ಕವ್ವ ಏಳಲು ನೋಡಿದಳು. ಮಾವನೆದುರು ಅವಳು ಯಾವತ್ತೂ ಕೂತವಳಲ್ಲ, ಒಂದು ಮಾತಾಡಿದವಳೂ ಅಲ್ಲ. ಏಳಲಾಗಲಿಲ್ಲ. ಊದಿದ ಕಾಲನ್ನು ಎಳೆದುಕೊಂಡು ಒಂದಿಷ್ಟು ಪಕ್ಕಕ್ಕೆ ಸರಿದು ಜಾಗ ಮಾಡಿದಳು.

"ಬನ್ನಿ ಮಾವ," ಎಂದಳು. "ಕೂತ್ಕಳಿ."

ತಾತ ಹೋಗಿ ಅವಳ ಪಕ್ಕ ಕೂತರು.